ಮಗು ಹಾಲು ಬಿಟ್ಟಾಗ: ನಿರಾಕರಣೆ ಮತ್ತು ನಿರಾಹಾರದ ಚರಿತ್ರೆ

ಕಾಯಿಲೆ ಬಿದ್ದ ಕೂಸು ಮೊಲೆಗೆ ಬಾಯಿ ಹಾಕದಿರುವುದು, ಒಳಲೆಯಲ್ಲಿ ಬಿಟ್ಟ ನೀರನ್ನು ಕಟವಾಯಿಯಿಂದ ಹೊರಚೆಲ್ಲುವುದು ಎಲ್ಲ ಕಾಲದ ತಾಯಂದಿರೂ ಕಂಡ ಸಂಗತಿ. ಇದನ್ನು ಚರಿತ್ರೆಯಾಗಿ ನೋಡಹೊರಟರೆ ಎರಡು ಎಳೆಗಳು ಹೆಣೆದುಕೊಂಡಿರುವುದು ಕಾಣುತ್ತದೆ. ಮಗು ತಾನಾಗಿಯೇ ಬೇಡವೆನ್ನುವುದು ಒಂದು ಎಳೆ. ಮಗು ಹಸಿದು ಅತ್ತರೂ ದೊಡ್ಡವರು ಚಿಕಿತ್ಸೆಯ ಹೆಸರಿನಲ್ಲಿ ಕೊಡದಿರುವುದು ಇನ್ನೊಂದು. ಎರಡನೆಯದು, ಅಂದರೆ ವೈದ್ಯರೇ ವಿಧಿಸಿದ ಉಪವಾಸ, 20ನೆಯ ಶತಮಾನದ ಬಹುಕಾಲ ಮೊದಲನೆಯದನ್ನು ಮರೆಮಾಡಿತ್ತು ಎಂಬುದು ಈ ಲೇಖನದ ವಾದ. ಆಹಾರವನ್ನೇ ನಿಲ್ಲಿಸಿದ ಮಗುವಿನ ಮುಂದೆ ನಿಂತವರಿಗೆ ಅದು ಕುಡಿಯಬಲ್ಲದೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಮಾತು ಬಾರದ ಶಿಶುವಿನ ನೋವನ್ನು ಅರಿಯುವುದು ಹೇಗೆ ಎಂಬ ಪ್ರಶ್ನೆ ಭಾರತದಲ್ಲಿ ಬಹಳ ಹಳೆಯದು. ನೇಪಾಳದಲ್ಲಿ ಸಿಕ್ಕ ತ್ರುಟಿತ ಹಸ್ತಪ್ರತಿಯೊಂದರ ಆಧಾರದ ಮೇಲೆ 1938ರಲ್ಲಿ ಅಚ್ಚಾದ, ಮಕ್ಕಳ ಚಿಕಿತ್ಸೆಯ ಪ್ರಾಚೀನ ಗ್ರಂಥವಾದ ಕಾಶ್ಯಪ ಸಂಹಿತೆಯಲ್ಲಿ ಇದಕ್ಕಾಗಿಯೇ ‘ವೇದನಾಧ್ಯಾಯ’ ಎಂಬ ಭಾಗವಿದೆ. ತಲೆನೋವಿಗೆ ಮಗು ತಲೆ ಹೊರಳಿಸುತ್ತದೆ, ಕಿವಿನೋವಿಗೆ ಕಿವಿಯನ್ನು ಮುಟ್ಟಿಕೊಳ್ಳುತ್ತದೆ ಎಂದು ಒಂದೊಂದು ಕಾಯಿಲೆಯ ಗುರುತನ್ನು ಅದು ಹೇಳುತ್ತಾ ಹೋಗುತ್ತದೆ. ನಮಗಿಲ್ಲಿ ಮುಖ್ಯವಾದುದು, ಮೊಲೆಯನ್ನು ಒಲ್ಲದಿರುವುದನ್ನು ಈ ಗ್ರಂಥಕಾರ ನಿರ್ದಿಷ್ಟ ಲಕ್ಷಣವಾಗಿ ನೋಡಿದ ರೀತಿ. ಜೊಲ್ಲು ವಿಪರೀತ ಸುರಿಯುತ್ತಾ, ಕುಡಿದ ಹಾಲನ್ನು ಕಕ್ಕುತ್ತಾ, ಮೊಲೆಯನ್ನು ದ್ವೇಷಿಸಿದರೆ ತೊಂದರೆ ಬಾಯಿಯಲ್ಲಿದೆ. ಎಷ್ಟು ಕುಡಿದರೂ ತೃಪ್ತಿಯಿಲ್ಲದೆ, ತುಟಿ ಒಣಗಿ ಅಳುತ್ತಿದ್ದರೆ ಅದು ಬಾಯಾರಿಕೆ. ಬಾಯಿಹುಣ್ಣಿನ ಮಗುವನ್ನೂ ನೀರು ಕಳೆದುಕೊಂಡ ಮಗುವನ್ನೂ ಬೇರ್ಪಡಿಸಿ ನೋಡುವ ಈ ವಿವೇಕ ಯಾವ ಉಪಕರಣದ ನೆರವೂ ಇಲ್ಲದೆ ಬಂದದ್ದು. ತೊಟ್ಟಿಲ ಪಕ್ಕದಲ್ಲಿ ಹೆಂಗಸರು ಕಂಡು ಹೇಳಿದ್ದೇ ಇದರ ಆಕರವಾಗಿರಬೇಕು ಎಂದು ನನಗನಿಸುತ್ತದೆ.

ಜ್ವರಕ್ಕೆ ಲಂಘನ, ಎಂದರೆ ಉಪವಾಸ, ಆಯುರ್ವೇದದ ಪ್ರಸಿದ್ಧ ಚಿಕಿತ್ಸೆ. ಆದರೆ ಅದೇ ಪರಂಪರೆ ಮಕ್ಕಳನ್ನೂ ಮುದುಕರನ್ನೂ ಗರ್ಭಿಣಿಯರನ್ನೂ ದುರ್ಬಲರನ್ನೂ ಅದರಿಂದ ಹೊರಗಿಟ್ಟಿದೆ. ಹಾಲು ಮಾತ್ರ ಕುಡಿಯುವ ಶಿಶುವಿಗೆ ಔಷಧ ಕೊಡುವಾಗ ಹಾಲೂಡುವವಳಿಗೂ ಔಷಧ ಕೊಡಬೇಕೆಂದೂ, ಔಷಧದ ಕಲ್ಕವನ್ನು ಮೊಲೆಗೆ ಲೇಪಿಸಿ ಕುಡಿಸಬಹುದೆಂದೂ ಸುಶ್ರುತ ಸಂಹಿತೆ ಹೇಳುತ್ತದೆ. ಕಾಯಿಲೆಯಲ್ಲೂ ಹಾಲು ನಿಲ್ಲುವುದಿಲ್ಲ ಎಂಬುದು ಆ ವಿಧಾನದ ತಳಹದಿ. ನಮ್ಮ ಹಳ್ಳಿಗಳಲ್ಲಿ ಭೇದಿಯ ಮಗುವಿಗೆ ‘ಹೊಟ್ಟೆ ಖಾಲಿ ಬಿಡಬೇಕು’ ಎನ್ನುವ ಮಾತಿಗೆ ಶಾಸ್ತ್ರದ ಬೆಂಬಲವಿದೆ ಎಂದು ನಂಬುವವರು ಇದನ್ನು ಗಮನಿಸಬೇಕು. ಅದೇ ಹಳ್ಳಿಗಳಲ್ಲಿ ಗಂಜಿ ತಿಳಿ ಕುಡಿಸುವ ರೂಢಿಯೂ ಇತ್ತು. ಎರಡೂ ಒಂದೇ ಮನೆಯಲ್ಲಿ, ಅಜ್ಜಿಯ ಮಾತಾಗಿ ಒಂದು, ಅಮ್ಮನ ಕೈಯಾಗಿ ಇನ್ನೊಂದು, ಬಾಳಿಕೊಂಡು ಬಂದಿವೆ.

ಉಪವಾಸವನ್ನು ಕಟ್ಟುನಿಟ್ಟಾದ ಕ್ರಮವನ್ನಾಗಿ ಮಾಡಿದ್ದು ಯುರೋಪ್ ಮತ್ತು ಅಮೆರಿಕದ ಮಕ್ಕಳ ವೈದ್ಯಶಾಸ್ತ್ರ. 19ನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ದೊಡ್ಡ ನಗರಗಳಲ್ಲಿ ಬೇಸಿಗೆ ಬಂತೆಂದರೆ ಬಾಟಲಿ ಹಾಲು ಕುಡಿಯುವ ಮಕ್ಕಳು ಭೇದಿಯಿಂದ ಸಾಯುತ್ತಿದ್ದರು. ಹಾಲೇ ಕೆಟ್ಟು ವಿಷವಾಗುತ್ತಿದ್ದ ಕಾಲದಲ್ಲಿ ಹಾಲು ನಿಲ್ಲಿಸಿ ಎಂಬ ಸಲಹೆಗೆ ಅರ್ಥವಿತ್ತು, ಇದನ್ನು ನಾವು ಒಪ್ಪಬೇಕು. ನ್ಯೂಯಾರ್ಕಿನ ಲೂಥರ್ ಎಮೆಟ್ ಹೋಲ್ಟ್ 1894ರಲ್ಲಿ ತಾಯಂದಿರಿಗಾಗಿ ಬರೆದ, ಹಲವು ಮುದ್ರಣ ಕಂಡ ಪ್ರಶ್ನೋತ್ತರದ ಕೈಪಿಡಿ ಇದೇ ದಾರಿಯಲ್ಲಿತ್ತು. ಕರುಳಿಗೆ ವಿಶ್ರಾಂತಿ ಬೇಕು ಎಂಬ ಕಲ್ಪನೆ ಹೀಗೆ ಬೇರು ಬಿಟ್ಟಿತು. 1926ರಲ್ಲಿ ಯೇಲ್ ವಿಶ್ವವಿದ್ಯಾಲಯದ ಗ್ರೋವರ್ ಪವರ್ಸ್ ರೂಪಿಸಿದ ಚಿಕಿತ್ಸಾಕ್ರಮದಲ್ಲಿ ರಕ್ತನಾಳದ ಮೂಲಕ ದ್ರವ ಕೊಡುವುದರ ಜೊತೆಗೆ ಉಪವಾಸವೂ, ಆಮೇಲೆ ಮೆಲ್ಲಮೆಲ್ಲನೆ ಹಾಲಿಗೆ ಮರಳುವುದೂ ಸೇರಿತ್ತು. ಹಾಲು ಶುದ್ಧವಾದ ಮೇಲೂ ಉಪವಾಸ ಹೋಗಲಿಲ್ಲ. ಕಾರಣ ಕಳಚಿಬಿದ್ದು ಕ್ರಮ ಮಾತ್ರ ಉಳಿಯಿತು.

ಇದನ್ನು ಮೊದಲು ಪ್ರಯೋಗಕ್ಕೊಡ್ಡಿದ ಕೆಲಸಗಳಲ್ಲಿ ಚುಂಗ್ ಮತ್ತು ವಿಸ್ಕೊರೋವಾ 1948ರಲ್ಲಿ ಪ್ರಕಟಿಸಿದ ಅಧ್ಯಯನ ಮುಖ್ಯವಾದುದು. ಭೇದಿಯ ಶಿಶುಗಳಲ್ಲಿ ಕೆಲವಕ್ಕೆ ಮೊದಲಿನಿಂದಲೇ ಆಹಾರ ಕೊಟ್ಟು, ಕೆಲವನ್ನು ರೂಢಿಯಂತೆ ಉಪವಾಸವಿಟ್ಟು ಅವರು ಹೋಲಿಸಿದರು. ಉಂಡ ಮಕ್ಕಳ ಮಲದ ಪ್ರಮಾಣ ಹೆಚ್ಚಬಹುದು, ಆದರೆ ಹೊಟ್ಟೆಗೆ ಹೋದದ್ದರಲ್ಲಿ ಗಣನೀಯ ಪಾಲು ಮೈಗೆ ಹತ್ತುತ್ತದೆ ಎಂಬುದು ಅದರ ತಿರುಳು. ಆಸ್ಪತ್ರೆಗಳ ಅಭ್ಯಾಸವನ್ನು ಅದು ಮುಂದಿನ ಹಲವು ದಶಕ ಅಲುಗಿಸಲಿಲ್ಲ. ಭೇದಿ ನಿಂತಿದೆಯೇ ಎಂಬುದು ಕಣ್ಣಿಗೆ ಕಾಣುತ್ತದೆ, ಮಗು ಸೊರಗಿತೇ ಎಂಬುದು ವಾರಗಳ ಮೇಲೆ, ಮನೆಗೆ ಹೋದ ಮೇಲೆ ಕಾಣುತ್ತದೆ. ವೈದ್ಯರು ಕಣ್ಣೆದುರಿನದನ್ನೇ ಅಳೆದರು.

ನೀರಿನ ಕಥೆ ಇದಕ್ಕಿಂತ ಹಳೆಯದು. ಕಾಲರಾ ರೋಗಿಯ ರಕ್ತ ನೀರನ್ನೂ ಲವಣವನ್ನೂ ಕಳೆದುಕೊಂಡಿರುತ್ತದೆಂದು ವಿಲಿಯಂ ಓಷಾನೆಸ್ಸಿ 1831–32ರಲ್ಲಿ ತೋರಿಸಿದರು. ಅದನ್ನು ಓದಿದ ಸ್ಕಾಟ್ಲೆಂಡಿನ ಥಾಮಸ್ ಲಟ್ಟಾ 1832ರಲ್ಲಿ ರಕ್ತನಾಳಕ್ಕೆ ಉಪ್ಪುನೀರು ಹರಿಸಿದರು. ಬಾಯಿಯ ಮೂಲಕವೇ ಆ ಕೆಲಸ ಮಾಡಬಹುದೆಂದು ತಿಳಿಯಲು ಮತ್ತೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1953ರಲ್ಲಿ ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ 186 ಕಾಲರಾ ರೋಗಿಗಳಿಗೆ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ ಗುಣಪಡಿಸಿದ್ದನ್ನು ಲ್ಯಾನ್ಸೆಟ್‌ನಲ್ಲಿ ಬರೆದರು. ಭೇದಿಗೆ ಅವರು ಬಳಸಿದ್ದು ನಮ್ಮ ಹಿತ್ತಿಲ ದೊಡ್ಡಪತ್ರೆಯ ರಸ. ಹೋಲಿಕೆಗೆ ಇನ್ನೊಂದು ಗುಂಪಿಲ್ಲ, ಒಳಹೋದ ಹೊರಬಂದ ದ್ರವದ ಲೆಕ್ಕವಿಲ್ಲ ಎಂಬ ಕಾರಣಕ್ಕೆ ಆ ಬರಹ ಬದಿಗೆ ಸರಿಯಿತು. ವಿಜ್ಞಾನದ ದೃಷ್ಟಿಯಿಂದ ಆಕ್ಷೇಪ ಸರಿಯೇ. ಆದರೂ ಅದನ್ನು ಪರೀಕ್ಷಿಸಿ ನೋಡುವ ಆಸಕ್ತಿ ಯಾರಿಗೂ ಹುಟ್ಟದೆ ಹೋದದ್ದರ ಬೆಲೆಯನ್ನು ಮಕ್ಕಳು ತೆತ್ತರು.

ಉಪ್ಪು ಮತ್ತು ಗ್ಲೂಕೋಸ್ ಬೆರೆತ ನೀರು ಏಕೆ ಕೆಲಸ ಮಾಡುತ್ತದೆ ಎಂಬುದರ ಕಾರಣ ತಿಳಿದದ್ದು 1960ರಲ್ಲಿ. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಒಟ್ಟಿಗೇ ಒಳಸಾಗುತ್ತವೆ ಎಂದು ರಾಬರ್ಟ್ ಕ್ರೇನ್ ಸೂಚಿಸಿದರು. ಅವುಗಳ ಬೆನ್ನಿಗೆ ನೀರೂ ಒಳಗೆ ಹೋಗುತ್ತದೆ. ಭೇದಿ ಜೋರಾಗಿರುವಾಗಲೂ ಈ ಬಾಗಿಲು ಮುಚ್ಚುವುದಿಲ್ಲ. ಬರೀ ನೀರು ಸಾಲದು, ಸಕ್ಕರೆ ಅತಿಯಾದರೆ ಕರುಳೇ ನೀರನ್ನು ಎಳೆದುಕೊಂಡು ಭೇದಿ ಹೆಚ್ಚುತ್ತದೆ, ಪ್ರಮಾಣ ಸರಿಯಿರಬೇಕು. 1968ರಲ್ಲಿ ಢಾಕಾದ ಕಾಲರಾ ಪ್ರಯೋಗಾಲಯದಲ್ಲಿ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ ವಯಸ್ಕ ರೋಗಿಗಳಲ್ಲಿ ಇದನ್ನು ಅಳೆದು ತೋರಿಸಿದರು. ರಕ್ತನಾಳಕ್ಕೆ ಕೊಡುವ ಸಲೈನ್‌ನ ಅಗತ್ಯ ಶೇ. 80ರಷ್ಟು ಇಳಿಯಿತು.

1971ರಲ್ಲಿ ಬಾಂಗ್ಲಾ ವಿಮೋಚನಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಗಡಿ ಊರು ಬೋನ್‌ಗಾಂವ್‌ಗೆ ಬಂದಾಗ ಕಾಲರಾ ಹಬ್ಬಿತು. ಮಕ್ಕಳ ವೈದ್ಯ ದಿಲೀಪ್ ಮಹಾಲನೋಬಿಸ್ ಎದುರು ಇದ್ದದ್ದು ಎರಡು ಕೋಣೆ, ನೆಲದ ಮೇಲೆಲ್ಲ ರೋಗಿಗಳು, ಮುಗಿಯುತ್ತಾ ಬಂದ ಸಲೈನ್. ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಎಂಬ ಅಳತೆಯಲ್ಲಿ ಪುಡಿಯನ್ನು ಕಲ್ಕತ್ತೆಯಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿಸಿ ತರಿಸಿದರು. ಶಿಬಿರದಲ್ಲಿ ಅದನ್ನು ನಲ್ಲಿಯಿದ್ದ ಡ್ರಮ್ಮುಗಳಲ್ಲಿ ಕರಗಿಸಿ, ಕುಡಿಸುವ ಕೆಲಸವನ್ನು ರೋಗಿಯ ಮನೆಯವರಿಗೇ ವಹಿಸಿದರು. ಶೇ. 30ರ ಸಮೀಪವಿದ್ದ ಸಾವು, ಅವರ ಆರೈಕೆಯ ಸುಮಾರು 3,700 ರೋಗಿಗಳಲ್ಲಿ ಶೇ. 3.6ಕ್ಕೆ ಇಳಿಯಿತು. ನನ್ನ ದೃಷ್ಟಿಯಲ್ಲಿ ಈ ಘಟನೆಯ ತೂಕ ಇರುವುದು ಪುಡಿಯಲ್ಲಿ ಮಾತ್ರ ಅಲ್ಲ. ಬಾಯಿಗೆ ಏನೂ ಹಾಕಬೇಡಿ ಎಂದು ಹಿಂದೆ ಸರಿಸಲಾಗಿದ್ದ ತಾಯಿಯ ಕೈಗೆ ಲೋಟವನ್ನು ಮರಳಿ ಕೊಟ್ಟದ್ದರಲ್ಲೂ ಇದೆ. ಮಹಾಲನೋಬಿಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ.

ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 1980ರಿಂದ 1990ರವರೆಗೆ ಮನೆಮನೆಗೆ ಹೋಗಿ ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರಿನ ಪಾಕವನ್ನು ಒಂದು ಕೋಟಿಗೂ ಹೆಚ್ಚು ಕುಟುಂಬಗಳಿಗೆ ಕಲಿಸಿತು. ಕಲಿಸಿದ ಹೆಂಗಸರ ಸಂಬಳ, ಕಲಿತ ತಾಯಂದಿರು ಆಮೇಲೆ ಎಷ್ಟನ್ನು ನೆನಪಿಟ್ಟುಕೊಂಡಿದ್ದಾರೆ ಎಂಬುದರ ಮೇಲೆ ನಿಂತಿತ್ತು.

ನೀರು ಮರಳಿತು, ಅನ್ನ ಮರಳಲು ತಡವಾಯಿತು. ಭೇದಿಯ ಮಗುವಿಗೆ ಆಹಾರ ನಿಲ್ಲಿಸಬಾರದು, ಎದೆಹಾಲಂತೂ ಕೂಡದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮವಾಗಿ ನೆಲೆಗೊಂಡದ್ದು 1980ರ ದಶಕದಲ್ಲಿ. ಪೆರು ದೇಶದ ಲಿಮಾ ನಗರದಂಚಿನ ಬಡಾವಣೆಯೊಂದರಲ್ಲಿ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿ ನೆನೆಯತಕ್ಕದ್ದು. ಜ್ವರ, ಭೇದಿ ಬಂದಾಗ ಶಿಶುಗಳು ಮೇಲಾಹಾರವನ್ನು ಕಡಿಮೆ ಮಾಡಿದವು, ಆದರೆ ಎದೆಹಾಲನ್ನು ಹೆಚ್ಚುಕಡಿಮೆ ಮೊದಲಿನಷ್ಟೇ ಕುಡಿದವು. ಸೋಂಕಿನಲ್ಲಿ ಹಸಿವು ಇಂಗುವುದು ದೇಹದ ರಕ್ಷಣಾ ವ್ಯವಸ್ಥೆ ಹೊರಡಿಸುವ ರಾಸಾಯನಿಕಗಳು ಮೆದುಳಿನ ಮೇಲೆ ಮಾಡುವ ಪರಿಣಾಮ. ಕೆಲದಿನ ರಾಗಿ ಸರಿ ಒಲ್ಲೆನೆನ್ನುವ ಮಗು ಆ ಪರಿಣಾಮಕ್ಕೆ ಒಳಪಟ್ಟದ್ದು. ಮೊಲೆಯನ್ನೇ ಬಿಟ್ಟ ಮಗುವಿನ ವಿಷಯ ಬೇರೆ.

ಆ ಬೇರೆತನವನ್ನು ವೈದ್ಯಕೀಯ ದಾಖಲೆ ಗುರುತಿಸಿದ್ದು ಉಪವಾಸ ತೊಲಗಿದ ಮೇಲೆಯೇ. 1990ರ ದಶಕದ ನಡುವಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ರೂಪಿಸಿದ, ಆಮೇಲೆ ಭಾರತವೂ ಹೊಂದಿಸಿಕೊಂಡ ಮಕ್ಕಳ ಚಿಕಿತ್ಸಾ ಮಾರ್ಗಸೂಚಿಯಲ್ಲಿ, ಕುಡಿಯಲು ಅಥವಾ ಮೊಲೆಯುಣ್ಣಲು ಆಗದಿರುವುದು ಅಪಾಯದ ಸೂಚನೆಗಳಲ್ಲಿ ಮೊದಲನೆಯದು. ಕುಡಿದದ್ದೆಲ್ಲ ವಾಂತಿಯಾಗುವುದು, ಫಿಟ್ಸ್, ಮಂಕುತನ ಅಥವಾ ಪ್ರಜ್ಞೆ ತಪ್ಪುವುದು ಆಮೇಲಿನವು. ಯಾವ ಒಂದು ಕಂಡರೂ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಮಾರ್ಗಸೂಚಿ ಇನ್ನೂ ಸೂಕ್ಷ್ಮಕ್ಕೆ ಹೋಗುತ್ತದೆ. ಕುಡಿಯುತ್ತಿಲ್ಲ ಎಂದು ತಾಯಿ ಹೇಳಿದರೆ, ಹೇಗೆ ಎಂದು ವಿವರವಾಗಿ ಕೇಳಬೇಕು. ಅಲ್ಲೇ ಹಾಲೂಡಿಸಲು ಅಥವಾ ನೀರು ಕೊಡಲು ಹೇಳಿ, ಚೀಪುತ್ತದೆಯೇ ನುಂಗುತ್ತದೆಯೇ ನೋಡಬೇಕು. ಮೂಗು ಕಟ್ಟಿದ ಮಗು ಹಾಲು ಬಿಟ್ಟಂತೆ ತೋರಬಹುದು, ಮೂಗು ಸ್ವಚ್ಛ ಮಾಡಿ ಮತ್ತೆ ನೋಡಬೇಕು.

ಇಲ್ಲಿ ನಮ್ಮ ಒಂದು ರೂಢಿಯ ಬಗ್ಗೆ ಹೇಳಲೇಬೇಕು. ಕುಡಿಯದ ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು, ಒಳಲೆಯಿಂದ ಗಂಟಲಿಗೆ ಸುರಿಯುವುದು ಪ್ರೀತಿಯಿಂದಲೇ ನಡೆಯುತ್ತದೆ, ಆದರೆ ಹಾಲು ಶ್ವಾಸಕೋಶಕ್ಕೆ ಇಳಿಯಬಹುದು. ದೋಷ ಒಳಲೆಯದಲ್ಲ. ಕಡಿಮೆ ತೂಕದ ನವಜಾತ ಶಿಶುಗಳಿಗೆ ಅದೇ ಒಳಲೆಯಿಂದ, ತಲೆ ಎತ್ತರಿಸಿ, ತೊಟ್ಟುತೊಟ್ಟಾಗಿ ಹಾಲು ಕೊಡುವುದನ್ನು ಭಾರತದ ಆಸ್ಪತ್ರೆಗಳು ಮನೆಗಳಿಂದಲೇ ಕಲಿತವು. ಭೇದಿಯ ಮಗುವಿಗೂ ಉಪ್ಪು-ಗ್ಲೂಕೋಸ್ ದ್ರಾವಣವಾದ ಓಆರ್‌ಎಸ್ ಕೊಡುವ ರೀತಿ ಅದೇ: ಒಂದೆರಡು ನಿಮಿಷಕ್ಕೊಂದು ಚಮಚ, ವಾಂತಿಯಾದರೆ ಹತ್ತು ನಿಮಿಷ ತಡೆದು ಇನ್ನಷ್ಟು ನಿಧಾನವಾಗಿ.

ತಾಯಿಯ ಮಾತು ಸಾಕ್ಷ್ಯವಾಗಬಲ್ಲದೆಂದು ತೋರಿಸಿದವು ಎರಡು ಕೆಲಸಗಳು. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ಸಂಗಡಿಗರು ಹಳ್ಳಿಯ ಹೆಂಗಸರಿಗೇ ನವಜಾತ ಶಿಶುಗಳ ನಂಜನ್ನು ಗುರುತಿಸಿ ಚಿಕಿತ್ಸೆ ಕೊಡಲು ಕಲಿಸಿದರು. ಅವರು ನೋಡಬೇಕಾದ ಗುರುತುಗಳಲ್ಲಿ ಒಂದು, ಚೆನ್ನಾಗಿ ಚೀಪುತ್ತಿದ್ದ ಮಗು ಈಗ ಕಡಿಮೆ ಚೀಪುವುದು ಅಥವಾ ಬಿಡುವುದು. ಆ ಹಳ್ಳಿಗಳಲ್ಲಿ ನವಜಾತ ಶಿಶುಮರಣ ಶೇ. 62ರಷ್ಟು ಇಳಿದದ್ದನ್ನು 1999ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿತು. ಹಲವು ದೇಶಗಳಲ್ಲಿ ನಡೆದು 2008ರಲ್ಲಿ ಹೊರಬಂದ ಅಧ್ಯಯನ, ಎರಡು ತಿಂಗಳೊಳಗಿನ ಶಿಶುವಿನ ಗಂಭೀರ ಕಾಯಿಲೆಯನ್ನು ಏಳು ಗುರುತುಗಳಿಂದ ಹಿಡಿಯಬಹುದೆಂದಿತು. ಉಸಿರಾಟದ ವೇಗ, ಮೈಶಾಖ ಮುಂತಾದವನ್ನು ಆರೋಗ್ಯ ಕಾರ್ಯಕರ್ತೆ ಎಣಿಸಿ ಅಳೆಯಬೇಕು. ಹಾಲು ಕುಡಿಯಲು ತೊಂದರೆ, ಫಿಟ್ಸ್ ಬಂದದ್ದು ಇವನ್ನು ಮಾತ್ರ ತಾಯಿಯನ್ನು ಕೇಳಿಯೇ ತಿಳಿಯಬೇಕು. ಇಂದು ಕರ್ನಾಟಕದ ಹಳ್ಳಿಗಳಲ್ಲಿ ಬಾಣಂತಿಯ ಮನೆಗೆ ಬರುವ ಆಶಾ ಕಾರ್ಯಕರ್ತೆಯೂ ಮಗು ಸರಿಯಾಗಿ ಹಾಲು ಕುಡಿಯುತ್ತಿದೆಯೇ ಎಂದು ಕೇಳಿ ಬರೆದುಕೊಳ್ಳುತ್ತಾಳೆ.