ಎರಡು ಮಿಲಿಲೀಟರಿನ ಲೆಕ್ಕ: ಆ್ಯಂಬುಲೆನ್ಸಿನಲ್ಲಿ ಮಾದಕ ಔಷಧಿ

ಮುಂಬಯಿಯ ವಿಲೆ ಪಾರ್ಲೆಯ ಬಳಿ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ತೊಡೆಯೆಲುಬು ಮುರಿದವರನ್ನು ಪಾಲಿಕೆಯ ಕೂಪರ್ ಆಸ್ಪತ್ರೆಗೆ ಒಯ್ಯಬೇಕಾದರೆ ರೈಲುಹಳಿ ದಾಟಬೇಕು. ಹೈವೇ ಇರುವುದು ಪೂರ್ವಕ್ಕೆ, ಕೂಪರ್ ಪಶ್ಚಿಮಕ್ಕೆ. 2022ರ ನವೆಂಬರಿನಲ್ಲಿ ಹಳಿ ದಾಟಿಸುವ ಅಂಧೇರಿಯ ಗೋಖಲೆ ಸೇತುವೆ ಮುಚ್ಚಿದಾಗ ಪಾರ್ಲೆಯ ಕ್ಯಾಪ್ಟನ್ ಗೋರೆ ಮೇಲ್ಸೇತುವೆಯ ಮೇಲೂ ಅಲ್ಲಿನ ವಾಹನಗಳ ಹೊರೆ ಬಿತ್ತು. ದಾರಿಯಲ್ಲಿ ಸಿಕ್ಕಿಕೊಂಡ ರೋಗಿಯ ನೋವಿಗೆ ಏನು ಕೊಡಬಹುದು? ಇದು ವೈದ್ಯರಿಗಿಂತ ಹೆಚ್ಚಾಗಿ ಕಾನೂನು ಉತ್ತರಿಸಬೇಕಾದ ಪ್ರಶ್ನೆ.

ಮಹಾರಾಷ್ಟ್ರದ 108 ಆ್ಯಂಬುಲೆನ್ಸ್ ಸೇವೆ 2014ರ ಜನವರಿಯಲ್ಲಿ ಶುರುವಾದಾಗ ಅದರ ಯೋಜನೆಯಲ್ಲಿದ್ದ ವಾಹನಗಳು 937. ಅವುಗಳಲ್ಲಿ 233 ಉನ್ನತ ಜೀವರಕ್ಷಕ ದರ್ಜೆಯವು. ಚಾಲಕನ ಜೊತೆ ಒಬ್ಬ ವೈದ್ಯರು ಇರುವುದು ಈ ಸೇವೆಯ ವೈಶಿಷ್ಟ್ಯ. ವೈದ್ಯರಿದ್ದ ಮೇಲೆ ತೀವ್ರ ನೋವು ತಣಿಸುವ ಮಾರ್ಫಿನ್, ಫೆಂಟಾನಿಲ್ ಇಟ್ಟುಕೊಳ್ಳಲು ಅಡ್ಡಿಯೇನು ಎನಿಸಬಹುದು.

ಅಡ್ಡಿಯ ಬೇರು ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿದೆ. ಹತ್ತು ವರ್ಷದ ಕನಿಷ್ಠ ಶಿಕ್ಷೆಗೂ ಪರವಾನಗಿಗಳ ಸರಮಾಲೆಗೂ ಅಂಜಿ ಆಸ್ಪತ್ರೆಗಳು ಮಾರ್ಫಿನ್‌ನಿಂದಲೇ ದೂರ ಸರಿದವು; ದೇಶದಲ್ಲಿ ವರ್ಷಕ್ಕೆ ಸುಮಾರು 600 ಕಿಲೋ ಇದ್ದ ಬಳಕೆ 1997ಕ್ಕೆ 18 ಕಿಲೋಗೆ ಇಳಿಯಿತು. 2014ರ ತಿದ್ದುಪಡಿ ‘ಅಗತ್ಯ ಮಾದಕ ಔಷಧಿ’ ಎಂಬ ಹೊಸ ವರ್ಗ ತಂದಿತು; 2015ರ ಮೇ ತಿಂಗಳಲ್ಲಿ ಮಾರ್ಫಿನ್, ಫೆಂಟಾನಿಲ್ ಸೇರಿ ಆರು ಔಷಧಿಗಳು ಅದರೊಳಗೆ ಬಂದವು. ಅವನ್ನು ಇಟ್ಟುಕೊಳ್ಳಲು ರಾಜ್ಯದ ಔಷಧ ನಿಯಂತ್ರಕರು ಮಾನ್ಯ ಮಾಡಿದ ವೈದ್ಯಕೀಯ ಸಂಸ್ಥೆ ಬೇಕು, ತರಬೇತಿ ಪಡೆದ ವೈದ್ಯರು ಬೇಕು, ದಿನದ ಲೆಕ್ಕದ ಪುಸ್ತಕ ಬೇಕು. ಇಷ್ಟನ್ನೂ ಓದಿದಾಗ ಕಣ್ಣಿಗೆ ಕಟ್ಟುವುದು ನಾಲ್ಕು ಗೋಡೆ, ಒಂದು ಬೀರು. ಚಕ್ರದ ಮೇಲಿನ ಬೀರುವನ್ನು ನಿಯಮ ಬರೆದವರು ಮನಸ್ಸಿಗೆ ತಂದುಕೊಂಡಂತಿಲ್ಲ.

ಇನ್ನು ಪ್ರಮಾಣದ ವಿಚಾರ; ನನಗೆ ಬೆರಗು ಹುಟ್ಟಿಸಿದ್ದು ಇದೇ. ಫೆಂಟಾನಿಲ್‌ನ ‘ವಾಣಿಜ್ಯ ಪ್ರಮಾಣ’, ಅಂದರೆ ಹತ್ತು ವರ್ಷದ ಆ ಕನಿಷ್ಠ ಶಿಕ್ಷೆ ತರುವ ಗಡಿ, ಕೇವಲ 0.1 ಗ್ರಾಂ. ಎರಡು ಮಿಲಿಲೀಟರಿನ ಒಂದು ಆಂಪೂಲಿನಲ್ಲಿರುವ ಔಷಧಿ 100 ಮೈಕ್ರೋಗ್ರಾಂ. ಶುದ್ಧ ಔಷಧಿಯನ್ನಷ್ಟೇ ತೂಗಿದರೆ ಆ ಗಡಿ ಮುಟ್ಟಲು ಸಾವಿರ ಆಂಪೂಲು ಬೇಕು. ಆದರೆ 2009ರ ಅಧಿಸೂಚನೆ ದ್ರಾವಣವನ್ನೂ ಸೇರಿಸಿ ಇಡೀ ಮಿಶ್ರಣವನ್ನು ತೂಗಬೇಕೆನ್ನುತ್ತದೆ. 2020ರ ಏಪ್ರಿಲಿನಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆ ಲೆಕ್ಕದಲ್ಲಿ ಒಂದೇ ಆಂಪೂಲು ಸುಮಾರು ಎರಡು ಗ್ರಾಂ, ಅಂದರೆ ಗಡಿಯ ಇಪ್ಪತ್ತು ಪಟ್ಟು. ನಿಯಮದಂತೆ ಇಟ್ಟುಕೊಂಡವರಿಗೆ ಇದು ತಟ್ಟದು. ಆದರೆ ವಾಹನ ‘ನಿಯಮದಂತೆ’ ಆಗುವುದು ಹೇಗೆಂದು ಬಿಡಿಸಿ ಹೇಳದಿದ್ದಾಗ ಯಾವ ವೈದ್ಯರು ಪೆಟ್ಟಿಗೆಯ ಬೀಗದ ಕೈ ಹಿಡಿದಾರು?

ಅಮೆರಿಕ ಇದೇ ತೊಡಕನ್ನು 2017ರ ಕಾಯ್ದೆಯೊಂದರಿಂದ ಬಿಡಿಸಿಕೊಂಡಿತು: ತುರ್ತುಸೇವಾ ಸಂಸ್ಥೆಯೇ ನೋಂದಾಯಿಸಿಕೊಳ್ಳಬಹುದು, ವೈದ್ಯಕೀಯ ನಿರ್ದೇಶಕರ ಸ್ಥಾಯಿ ಆದೇಶದ ಮೇಲೆ ಸಿಬ್ಬಂದಿ ಔಷಧಿ ಕೊಡಬಹುದು. ನಮ್ಮಲ್ಲಿ ಅಷ್ಟು ದೂರ ಹೋಗಬೇಕಿಲ್ಲ. ಮಾನ್ಯತೆ ಆಸ್ಪತ್ರೆಯ ಹೆಸರಲ್ಲೇ ಇರಲಿ, ವಾಹನದ ಪೆಟ್ಟಿಗೆ ಅದರ ಪುಸ್ತಕದಲ್ಲೊಂದು ಪುಟವಾಗಲಿ; ಖಾಲಿ ಆಂಪೂಲು ಒಪ್ಪಿಸಿದವರಿಗಷ್ಟೇ ಹೊಸದು ಸಿಗಲಿ. ಆಮೇಲೂ ಉಳಿಯುವ ಕಷ್ಟವೆಂದರೆ ಅರ್ಧ ಬಳಸಿದ ಆಂಪೂಲು. ವಾರ್ಡಿನಲ್ಲಿ ಮಿಕ್ಕದ್ದನ್ನು ಚೆಲ್ಲುವಾಗ ಸಾಕ್ಷಿಗೆ ಇನ್ನೊಬ್ಬ ಸಿಬ್ಬಂದಿಯನ್ನು ಕರೆಯಬಹುದು. ಗೋರೆ ಸೇತುವೆಯ ಮೇಲೆ ಆ ಎರಡನೆಯ ಸಹಿ ಚಾಲಕನದೇ ಆಗಬೇಕು, ಅವನ ಎರಡೂ ಕೈ ಸ್ಟೀರಿಂಗ್ ಮೇಲಿವೆ.