ಕಣ್ಮರೆಯಾಗುತ್ತಿರುವ ಸ್ಕ್ವಾಷ್ ಅಂಕಣಗಳು

ಸ್ಕ್ವಾಷ್ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಕಿತ್ತಳೆಯ ಪಾನಕ. ಅದೇ ಹೆಸರಿನ ಆಟವೊಂದುಂಟು. ನಾಲ್ಕು ಗೋಡೆಗಳ ನಡುವೆ ಇಬ್ಬರು ನಿಂತು, ರಬ್ಬರಿನ ಸಣ್ಣ ಚೆಂಡನ್ನು ಸರದಿಯಂತೆ ಎದುರುಗೋಡೆಗೆ ಹೊಡೆಯುವ ಆಟ ಅದು. ಅಂಕಣದ ಉದ್ದ 32 ಅಡಿ, ಅಗಲ 21 ಅಡಿ. ಎಂದರೆ ಅದೊಂದು ದೊಡ್ಡ ಕೋಣೆ. ಊರಿನ ಮೈದಾನವನ್ನು ಕಟ್ಟಡಕ್ಕೆ ಬಿಟ್ಟುಕೊಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ, ಪತ್ರಿಕೆಗಳಿಗೆ ವಾಚಕರ ಕಾಗದಗಳು ಬರುತ್ತವೆ. ಕೋಣೆಯೊಂದರ ಉಪಯೋಗ ಬದಲಾದರೆ ದಾರಿಹೋಕರಿಗೆ ತಿಳಿಯುವುದಾದರೂ ಹೇಗೆ? ಗೋಡೆಗಳು ಹಾಗೆಯೇ ಇರುತ್ತವೆ, ಬಾಗಿಲ ಮೇಲಿನ ಫಲಕ ಮಾತ್ರ ಬೇರೆಯಾಗಿರುತ್ತದೆ. ಜಗತ್ತಿನ ಅನೇಕ ನಗರಗಳಲ್ಲಿ ಈ ಆಟದ ಅಂಕಣಗಳು ಕಳೆದ ಮೂರು ನಾಲ್ಕು ದಶಕಗಳಿಂದ ಹೀಗೆ ಸದ್ದಿಲ್ಲದೆ ಇಲ್ಲವಾಗುತ್ತ ಬಂದಿವೆ.

ಸ್ಕ್ವಾಷಿಗೆ ಹಿರಿಯಣ್ಣನೆನ್ನಬಹುದಾದ ರಾಕೆಟ್ಸ್ ಆಟ ಬೆಳೆದದ್ದು ಲಂಡನ್ನಿನ ಸಾಲಗಾರರ ಸೆರೆಮನೆಗಳಲ್ಲಿ. ಸಾಲ ತೀರಿಸಲಾರದೆ ಬಂಧಿತರಾದವರಿಗೆ ಹೊತ್ತು ಹೇರಳವಾಗಿತ್ತು, ಎತ್ತರದ ಗೋಡೆಗಳಿಗಂತೂ ಕೊರತೆಯಿರಲಿಲ್ಲ. ಅಂಥ ಸೆರೆಮನೆಗಳಲ್ಲಿ ಹೆಸರಾಗಿದ್ದ ಫ್ಲೀಟ್ 1842ರಲ್ಲಿ ಮುಚ್ಚಿತು. 1846ರಲ್ಲಿ ಅದನ್ನು ಕೆಡವಿದರು. ಅಳಿದ ಅಂಕಣಗಳ ಲೆಕ್ಕವನ್ನು ಅಲ್ಲಿಂದಲೇ ಆರಂಭಿಸಬೇಕು, ಆ ಅಳಿವಿಗಾಗಿ ಯಾರೂ ಮರುಗಬೇಕಾಗಿಲ್ಲವೆಂಬುದು ಬೇರೆ ಮಾತು. ಅಷ್ಟರಲ್ಲಿ ಆಟ ಹ್ಯಾರೋ ಶಾಲೆಯನ್ನು ಸೇರಿತ್ತು. ಅಲ್ಲಿನ ಹುಡುಗರು ಒತ್ತಿದರೆ ಅಮುಕಿಕೊಳ್ಳುವ ಮೆತ್ತನೆಯ ಚೆಂಡಿನಿಂದ ಆಡತೊಡಗಿದರು. ಸ್ಕ್ವಾಷ್ ಎಂಬ ಹೆಸರು ಬಂದದ್ದು ಹಾಗೆ. ಈ ಹೊಸ ಆಟಕ್ಕೆಂದೇ 1860ರ ದಶಕದಲ್ಲಿ ಆ ಶಾಲೆಯಲ್ಲಿ ಅಂಕಣಗಳು ಎದ್ದವು.

ಮುಂದಿನ ಅರ್ಧ ಶತಮಾನದಲ್ಲಿ ಆಟ ಸಿರಿವಂತರ ಮೆಚ್ಚಿಗೆಗೆ ಎಷ್ಟರಮಟ್ಟಿಗೆ ಪಾತ್ರವಾಯಿತೆಂದರೆ, 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಕೆಳ ಅಂತಸ್ತಿನಲ್ಲಿಯೂ ಒಂದು ಅಂಕಣವಿತ್ತು. ಅದನ್ನು ನೋಡಿಕೊಳ್ಳಲು ಫ್ರೆಡರಿಕ್ ರೈಟ್ ಎಂಬ ಶಿಕ್ಷಕನಿದ್ದ. ಕರ್ನಲ್ ಆರ್ಚಿಬಾಲ್ಡ್ ಗ್ರೇಸಿ ಎಂಬ ಪ್ರಯಾಣಿಕರು ಮರುದಿನ ಬೆಳಿಗ್ಗೆ ಅವನೊಡನೆ ಆಡಲು ಸಮಯ ಗೊತ್ತುಮಾಡಿಕೊಂಡಿದ್ದರು. ಆ ರಾತ್ರಿ ಮೆಟ್ಟಿಲ ಮೇಲೆ ಅವನು ಎದುರಾದಾಗ, ನಾಳೆಯ ಆಟವನ್ನು ರದ್ದು ಮಾಡೋಣವೇ ಎಂದು ಕೇಳಿದ್ದಾಗಿ ಗ್ರೇಸಿ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಗ್ರೇಸಿ ಬದುಕಿ ಬಂದರು, ರೈಟ್ ಬರಲಿಲ್ಲ.

ಅಳಿದ ಅಂಕಣಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದುದು ಷಿಕಾಗೋ ವಿಶ್ವವಿದ್ಯಾನಿಲಯದ್ದು. ಆ ವಿದ್ಯಾನಿಲಯ 1939ರಲ್ಲಿ ತನ್ನ ಫುಟ್‌ಬಾಲ್ ತಂಡವನ್ನೇ ವಿಸರ್ಜಿಸಿತು. ಸ್ಟ್ಯಾಗ್ ಫೀಲ್ಡ್ ಎಂಬ ಅದರ ಕ್ರೀಡಾಂಗಣದ ಪಶ್ಚಿಮದ ಪ್ರೇಕ್ಷಕರ ಕಟ್ಟೆಯ ಅಡಿಯಲ್ಲಿದ್ದ ಅಂಕಣ ಭೌತವಿಜ್ಞಾನಿಗಳ ಪಾಲಿಗೆ ಬಂತು. ಗ್ರಾಫೈಟ್ ಇಟ್ಟಿಗೆಗಳನ್ನು ಪದರಪದರವಾಗಿ ಪೇರಿಸಿ, ನಡುನಡುವೆ ಯುರೇನಿಯಮ್ಮನ್ನಿಟ್ಟು, ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಒಂದು ರಾಶಿಯನ್ನು ಕಟ್ಟಿದರು. 1942ರ ಡಿಸೆಂಬರ್ 2ರಂದು ಮಧ್ಯಾಹ್ನ 3 ಗಂಟೆ 25 ನಿಮಿಷಕ್ಕೆ, ತನ್ನಷ್ಟಕ್ಕೆ ತಾನೇ ಮುಂದುವರಿಯುವ ಪರಮಾಣು ಸರಣಿಕ್ರಿಯೆ ಮನುಷ್ಯನ ಕೈಯಲ್ಲಿ ಮೊದಲ ಬಾರಿಗೆ ಸಾಧಿತವಾದದ್ದು ಆ ಆಟದ ಕೋಣೆಯಲ್ಲಿ. ಅಂಕಣದ ಅಳತೆಯನ್ನು ನೋಡಿದರೆ ಅದು ವಾಸ್ತವವಾಗಿ ರಾಕೆಟ್ಸ್ ಆಟದ್ದು, ಆದರೂ ಚರಿತ್ರೆಯಲ್ಲಿ ಸ್ಕ್ವಾಷ್ ಎಂಬ ಹೆಸರೇ ನಿಂತಿದೆ. ಇಂಗ್ಲಿಷಿನಲ್ಲಿ ಕುಂಬಳದ ಜಾತಿಯ ಕಾಯಿಗೂ ಇದೇ ಹೆಸರಿರುವುದರಿಂದ, ರಷ್ಯದ ಅನುವಾದಕನೊಬ್ಬನು ಈ ಪ್ರಯೋಗ ಕುಂಬಳದ ಹೊಲದಲ್ಲಿ ನಡೆಯಿತೆಂದು ಬರೆದನೆಂಬ ಕಥೆಯೊಂದು ಪ್ರಚಾರದಲ್ಲಿದೆ. ಕಟ್ಟೆಯನ್ನು 1957ರಲ್ಲಿ ಕೆಡವಿದರು. ಆ ಸ್ಥಳದಲ್ಲಿ ಹೆನ್ರಿ ಮೂರ್ ರಚಿಸಿದ ಕಂಚಿನ ಶಿಲ್ಪ 1967ರಿಂದ ನಿಂತಿದೆ. ನಾನು ಬಲ್ಲಮಟ್ಟಿಗೆ, ಅಳಿದುಹೋದ ಸ್ಕ್ವಾಷ್ ಅಂಕಣಕ್ಕೆ ಇಷ್ಟು ದೊಡ್ಡ ಸ್ಮಾರಕ ಬೇರೆಲ್ಲಿಯೂ ಇಲ್ಲ.

ಉಳಿದವುಗಳ ಕಥೆ ಇಷ್ಟು ಭವ್ಯವಾದುದಲ್ಲ. 1970ರ ದಶಕದಲ್ಲಿ ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಆಟಕ್ಕೆ ಮಹಾ ಉಬ್ಬರ ಬಂತು. ಆಸ್ಟ್ರೇಲಿಯಾದ ಹೆದರ್ ಮೆಕೇ 1962ರಿಂದ 1977ರವರೆಗೆ ಸತತವಾಗಿ 16 ಬಾರಿ ಬ್ರಿಟಿಷ್ ಓಪನ್ ಗೆದ್ದ ಕಾಲ ಅದು. ವ್ಯಾಪಾರಿಗಳು ಬಂಡವಾಳ ಹೂಡಿ ಬಡಾವಣೆಬಡಾವಣೆಗಳಲ್ಲಿ ಅಂಕಣಗಳನ್ನು ಕಟ್ಟಿದರು. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಯಾರು ಬೇಕಾದರೂ ಆಡಬಹುದಾಗಿತ್ತು. ಉಬ್ಬರ ಇಳಿದ ಮೇಲೆ ಅದೇ ವ್ಯಾಪಾರದ ಲೆಕ್ಕ ತಿರುಗಿ ಬಡಿಯಿತು. ಒಂದು ಅಂಕಣ 672 ಚದರ ಅಡಿ. ಅದರೊಳಗೆ ಒಮ್ಮೆಗೆ ಆಡುವವರು ಇಬ್ಬರೇ. ಅಷ್ಟೇ ಜಾಗದಲ್ಲಿ ನಿಂತಲ್ಲೇ ಓಡುವ ಯಂತ್ರಗಳನ್ನು ಸಾಲಾಗಿ ಇಟ್ಟರೆ ಹತ್ತಾರು ಮಂದಿಯಿಂದ ಚಂದಾ ಬರುತ್ತದೆ. ನಗರದ ನೆಲದ ಬೆಲೆ ಏರಿದ ಕಡೆ ಇಡೀ ಕಟ್ಟಡವೇ ಮನೆಗಳಿಗೆ ಎಡೆಕೊಟ್ಟಿತು. ಮಾಲೀಕರನ್ನು ದೂರಿ ಪ್ರಯೋಜನವಿಲ್ಲ. ಲಾಭಕ್ಕೆಂದು ಕಟ್ಟಿದ್ದನ್ನು ಲಾಭಕ್ಕೆಂದೇ ಒಡೆದರು. ಆದರೆ ಸಾರ್ವಜನಿಕ ಹಣದ ಕ್ರೀಡಾಕೇಂದ್ರಗಳೂ ಅದೇ ದಾರಿ ಹಿಡಿದಾಗ, ಸುತ್ತಲಿನ ಮಕ್ಕಳಿಗೆ ಈ ಆಟ ಹೇಗಿರುತ್ತದೆಂದು ನೋಡುವ ಅವಕಾಶವೂ ತಪ್ಪಿತು. ಆಮೇಲೆ 2020ರ ಮಹಾಮಾರಿ ಬಂತು. ಮುಚ್ಚಿದ ಕೋಣೆಯ ಆಟಕ್ಕೆ ಅದು ಕೊಟ್ಟ ಪೆಟ್ಟನ್ನು ವಿವರಿಸಬೇಕಾಗಿಲ್ಲ.

ಅಮೆರಿಕದಲ್ಲಿ ಅಂಕಣಗಳು ಅಳಿಯಲು ಆಟದ ನಿಯಮವೇ ಕಾರಣವಾದ ವಿಚಿತ್ರವೂ ಉಂಟು. ಅಲ್ಲಿ ಗಟ್ಟಿ ಚೆಂಡಿನ ಆಟ ರೂಢಿಯಲ್ಲಿತ್ತು, ಅಂಕಣದ ಅಗಲ ಹದಿನೆಂಟೂವರೆ ಅಡಿ. 1990ರ ದಶಕದಲ್ಲಿ ಅಲ್ಲಿನವರು ಉಳಿದ ದೇಶಗಳ ಮೆತ್ತನೆಯ ಚೆಂಡನ್ನೂ 21 ಅಡಿ ಅಗಲವನ್ನೂ ಒಪ್ಪಿಕೊಂಡರು. ಕೋಣೆಯನ್ನು ಎರಡೂವರೆ ಅಡಿ ಹಿಗ್ಗಿಸಬೇಕಾದರೆ ಗೋಡೆಯನ್ನು ಕೆಡವಲೇಬೇಕು. ಗೋಡೆಗಳ ದಪ್ಪವನ್ನು ಬಿಟ್ಟು ಎಣಿಸಿದರೂ, ಎಂಟು ಹಳೆಯ ಅಂಕಣಗಳ ಸಾಲಿನಲ್ಲಿ ಹೊಸವು ಏಳೇ ಹಿಡಿಯುತ್ತವೆ.

ಒಂದು ಅಂಕಣದ ಬೆಲೆಯೇನೆಂಬುದನ್ನು ಪೇಷಾವರದಲ್ಲಿ ಕಾಣಬಹುದು. ಬ್ರಿಟಿಷ್ ಅಧಿಕಾರಿಗಳ ಕ್ಲಬ್ಬಿನಲ್ಲಿ ಮಾಡಿಲ್ಲದ ಅಂಕಣದಿಂದ ಹೊರಬಿದ್ದ ಚೆಂಡುಗಳನ್ನು ಆಯ್ದು ಕೊಡುತ್ತಿದ್ದ ಹುಡುಗ ಹಾಷಿಮ್ ಖಾನ್. ದೊರೆಗಳು ಬಿಸಿಲಿಗೆ ಹೆದರಿ ಒಳಸೇರಿದಾಗ ಬರಿಗಾಲಿನಲ್ಲಿ ಆಡಿ ಕಲಿತ ಆತ 1951ರಲ್ಲಿ ಬ್ರಿಟಿಷ್ ಓಪನ್ ಗೆದ್ದ. ಒಟ್ಟು ಏಳು ಬಾರಿ ಗೆದ್ದ. ಅವನ ಬಂಧುಬಳಗದಿಂದ ಹೊರಟ ಚಾಂಪಿಯನ್ನರ ಸಾಲಿನಲ್ಲಿ ಬಂದ ಜಹಾಂಗೀರ್ ಖಾನ್ 1982ರಿಂದ 1991ರವರೆಗೆ ಹತ್ತು ವರ್ಷವೂ ಆ ಪ್ರಶಸ್ತಿಯನ್ನು ಬಿಟ್ಟುಕೊಡಲಿಲ್ಲ.

ಈಗ ಈ ಆಟ ಒಲಿಂಪಿಕ್ಸನ್ನು ಪ್ರವೇಶಿಸುತ್ತಿದೆ. 2028ರ ಲಾಸ್ ಏಂಜಲೀಸ್ ಕೂಟಕ್ಕೆ ಅದನ್ನು ಸೇರಿಸುವ ತೀರ್ಮಾನವಾದದ್ದು ನಮ್ಮ ಮುಂಬಯಿಯಲ್ಲಿ, 2023ರ ಅಕ್ಟೋಬರಿನಲ್ಲಿ. ಕ್ರಿಕೆಟ್ಟಿಗೂ ಅದೇ ಸಭೆ ಬಾಗಿಲು ತೆರೆಯಿತು. ದೊಡ್ಡ ಪಂದ್ಯಗಳಿಗೆ ಈಗ ಬಿಚ್ಚಿ ಜೋಡಿಸಬಹುದಾದ ಗಾಜಿನ ಅಂಕಣಗಳಿವೆ. ಈಜಿಪ್ಟಿನ ಪಿರಮಿಡ್ಡುಗಳ ಎದುರಿಗೂ, ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದೊಳಗೂ ಅವನ್ನು ನಿಲ್ಲಿಸಿ ಆಡಿದ್ದಾರೆ. ಲಾಸ್ ಏಂಜಲೀಸಿನಲ್ಲಿ ಪಂದ್ಯಗಳಿಗೆ ಗೊತ್ತುಮಾಡಿರುವ ಸ್ಥಳ ಯೂನಿವರ್ಸಲ್ ಚಿತ್ರ ಸಂಸ್ಥೆಯ ಸ್ಟುಡಿಯೋ ಆವರಣ. ಪದಕಗಳ ವಿತರಣೆಯಾದ ಮೇಲೆ, ಟೆಲಿವಿಷನ್ನಿನಲ್ಲಿ ಆಟವನ್ನು ಕಂಡ ಹುಡುಗನೊಬ್ಬ ತಾನೂ ಆಡಬೇಕೆಂದು ತನ್ನ ಬಡಾವಣೆಯಲ್ಲಿ ಹುಡುಕುತ್ತ ಹೊರಟರೆ, ಅವನಿಗೆ ಯಾವ ಬಾಗಿಲು ಸಿಕ್ಕೀತು?