ಆಂಗ್ಲದೇಶದ ಪ್ರಾರ್ಥನಾಮಂದಿರಗಳ ತಲೆಯೆಣಿಕೆ

ಹತ್ತು ಮಂದಿ ಹೊಳೆಯನ್ನು ದಾಟಿ, ಎಣಿಸುವವನು ತನ್ನನ್ನೇ ಮರೆತುದರಿಂದ ಒಂಬತ್ತೇ ಮಂದಿ ಉಳಿದರೆಂದು ಗೋಳಿಟ್ಟ ಕಥೆಯು ವೇದಾಂತಪಾಠವನ್ನು ಕೇಳಿದವರಿಗೆಲ್ಲ ಪರಿಚಿತವಾದುದೇ. ಎಣಿಕೆಯಲ್ಲಿ ಒಬ್ಬನು ಬಿಟ್ಟುಹೋಗುವಂತೆಯೇ ಒಬ್ಬನು ಮೂವರಾಗಿ ತೋರುವುದೂ ಉಂಟು. ಇದಕ್ಕೆ 1851ನೆಯ ಇಸವಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ ನಡೆದ ಧಾರ್ಮಿಕ ಗಣತಿಯೇ ಉತ್ತಮ ನಿದರ್ಶನವು.

ಆ ವರ್ಷದ ಜನಗಣತಿಯೊಡನೆ, ಮಾರ್ಚ್ 30ನೆಯ ಭಾನುವಾರ ಪ್ರಾರ್ಥನಾಮಂದಿರಗಳಿಗೆ ಎಷ್ಟು ಮಂದಿ ಬಂದರೆಂಬುದನ್ನೂ ಸರಕಾರವು ಕೇಳಿತು. ಉತ್ತರವೀಯಲೇಬೇಕೆಂಬ ಕಡ್ಡಾಯವಿರಲಿಲ್ಲ. ಹೊರೇಸ್ ಮಾನ್ ಎಂಬ ನ್ಯಾಯವಾದಿಯು ಈ ಕಾರ್ಯವನ್ನು ನಿರ್ವಹಿಸಿ, 1854ರಲ್ಲಿ ವರದಿಯನ್ನು ಪ್ರಕಟಿಸಿದನು. ಮಂದಿರಗಳು 34,467, ಬೆಳಗಿನ ಉಪಸ್ಥಿತಿ 46,47,482, ಮಧ್ಯಾಹ್ನದ್ದು 31,84,135, ಸಂಜೆಯದು 30,64,449, ಒಟ್ಟು 1,08,96,066. ದೇಶದ ಜನಸಂಖ್ಯೆಯಾದರೋ 1,79,27,609.

ಇಲ್ಲಿಯೇ ತೊಡಕು ಹುಟ್ಟಿತು. ಎಣಿಸಲ್ಪಟ್ಟುದು ಬರವೇ ಹೊರತು ಜನರಲ್ಲ. ಬೆಳಗ್ಗೆ ಬಂದವನೇ ಸಂಜೆಯೂ ಬಂದಿದ್ದರೆ ಅವನು ಇಬ್ಬರಾದನು. ಯಾರು ಎಷ್ಟು ಸಲ ಬಂದರೆಂಬುದು ಚೀಟಿಗಳಲ್ಲಿ ಇರಲಿಲ್ಲ. ಆದುದರಿಂದ ಮಾನನು ಒಂದು ಸೂತ್ರವನ್ನು ಕಲ್ಪಿಸಿದನು: ಬೆಳಗಿನವರೆಲ್ಲರನ್ನೂ, ಮಧ್ಯಾಹ್ನದವರಲ್ಲಿ ಅರ್ಧದಷ್ಟನ್ನೂ, ಸಂಜೆಯವರಲ್ಲಿ ಮೂರನೆಯ ಒಂದು ಪಾಲನ್ನೂ ಕೂಡಿಸಿದರೆ ಬಂದ ವ್ಯಕ್ತಿಗಳ ಸಂಖ್ಯೆ ದೊರೆಯುವುದು. ಹೀಗೆ 72,61,032 ಬಂದಿತು.

ಸೂತ್ರವು ಸರಳವಾದರೂ ನಿಷ್ಪಕ್ಷಪಾತವಾಗಿರಲಿಲ್ಲ. ರಾಜಮಾನ್ಯವಾದ ಆಂಗ್ಲಿಕನ್ ಚರ್ಚಿನಲ್ಲಿ ಬೆಳಗಿನ ಪೂಜೆಗೆ ಪ್ರಾಧಾನ್ಯವಿದ್ದರೆ, ಮೆಥಡಿಸ್ಟರೇ ಮೊದಲಾದ ಭಿನ್ನಮತೀಯರ ಮಂದಿರಗಳು ಸಂಜೆಯಲ್ಲಿ ಹೆಚ್ಚಾಗಿ ತುಂಬುತ್ತಿದ್ದುವು. ಬರವನ್ನೇ ಎಣಿಸಿದರೆ ರಾಜಮಾನ್ಯ ಚರ್ಚಿನ ಪಾಲು ಅರ್ಧಕ್ಕೆ ತುಸು ಕಡಮೆ. ಸೂತ್ರವನ್ನು ಅನ್ವಯಿಸಿದರೆ ಅರ್ಧಕ್ಕೆ ತುಸು ಮೇಲು. ಚೀಟಿಗಳು ಅವೇ, ಬಹುಮತವು ಮಾತ್ರ ಪಕ್ಷ ಬದಲಿಸಿತು. ರಾಜ್ಯವು ಒಂದೇ ಚರ್ಚನ್ನು ಪೋಷಿಸುವುದು ನ್ಯಾಯವೇ ಎಂಬ ವಾದವು ತೀವ್ರವಾಗಿದ್ದ ಕಾಲದಲ್ಲಿ ಇದು ಅಲ್ಪವಿಷಯವಾಗಿರಲಿಲ್ಲ.

ಬೇರೆ ಸಂದೇಹಗಳೂ ಇದ್ದುವು. ಆ ದಿನವು ಉಪವಾಸಕಾಲದ ನಡುವಣ ಭಾನುವಾರ. ಅನೇಕ ಕಡೆಗಳಲ್ಲಿ ಮಕ್ಕಳು ತಾಯಿಯ ಮನೆಗೆ ಹೋಗುವ ದಿನ. ಅನೇಕ ಪಾದ್ರಿಗಳು ತಲೆಗಳನ್ನು ಎಣಿಸದೆ, ನೂರು, ಇನ್ನೂರು ಎಂದು ಅಂದಾಜಿನ ಸಂಖ್ಯೆಯನ್ನೇ ಬರೆದರು. ಭಿನ್ನಮತೀಯರು ಸಂಖ್ಯೆಯನ್ನು ಉಬ್ಬಿಸಿದರೆಂದು ಆಕ್ಸ್‌ಫರ್ಡಿನ ಬಿಷಪನಾದ ಸ್ಯಾಮ್ಯುಯಲ್ ವಿಲ್ಬರ್‌ಫೋರ್ಸನು ಆಕ್ಷೇಪಿಸಿದನು.

ಆಸನಗಳ ಲೆಕ್ಕವು ಇನ್ನೊಂದು ಪಾಠವನ್ನು ಕಲಿಸಿತು. ಜನರಲ್ಲಿ ನೂರಕ್ಕೆ 58 ಮಂದಿಗೆ ಸ್ಥಳವಿದ್ದರೆ ಸಾಕೆಂದು ಮಾನನು ಎಣಿಸಿದ್ದನು, ಅಂದರೆ 1,03,98,013. ಇದ್ದ ಆಸನಗಳು 1,02,12,563. ಮೊತ್ತವನ್ನು ನೋಡಿದವನಿಗೆ ಕೊರತೆಯು ಅಲ್ಪವೆನಿಸುವುದು. ಆದರೆ ಹಳ್ಳಿಗಳಲ್ಲಿ ಪೀಠಗಳು ಮಿಕ್ಕಿದ್ದುವು, ಕೈಗಾರಿಕೆಯ ಪಟ್ಟಣಗಳಲ್ಲಿ ಸಾಲದಿದ್ದುವು. ಬರಲು ಶಕ್ತರಾಗಿದ್ದೂ ಬಾರದವರು 52,88,294 ಎಂದು ಮಾನನು ಗಣಿಸಿದನು. ಅವರಲ್ಲಿ ಬಹುಭಾಗ ಶ್ರಮಜೀವಿಗಳೆಂಬುದು ಅವನ ಅಭಿಪ್ರಾಯ. ಬಾಡಿಗೆಯ ಪೀಠಗಳಲ್ಲಿ ಸಿರಿವಂತರು ಕುಳಿತು, ಬಡವರು ಪ್ರತ್ಯೇಕವಾಗಿ ಕೂಡಬೇಕಾದ ಸ್ಥಳಕ್ಕೆ ಬಡವನ ಕಾಲು ಹಿಂಜರಿದರೆ ಆಶ್ಚರ್ಯವೇನು? ಆಸನವಿದ್ದ ಮಾತ್ರಕ್ಕೆ ಆಹ್ವಾನವಿದ್ದಂತಾಗಲಿಲ್ಲ.

1861ರ ಜನಗಣತಿಗೆ, ಪ್ರತಿಯೊಬ್ಬರ ಮತವಾವುದೆಂದು ಕೇಳುವ ಯೋಚನೆ ಹೊರಟಾಗ ಭಿನ್ನಮತೀಯರು ವಿರೋಧಿಸಿದರು. ಮಂದಿರಕ್ಕೆ ಕಾಲಿಡದವರೂ ವಾಡಿಕೆಯಿಂದ ರಾಜಮಾನ್ಯ ಚರ್ಚಿನ ಹೆಸರನ್ನೇ ಹೇಳುವರೆಂಬುದು ಅವರ ಭಯ. ಬರವನ್ನು ಎಣಿಸುವುದು ಒಬ್ಬರಿಗೆ ಸಮ್ಮತ, ಹೆಸರನ್ನು ಎಣಿಸುವುದು ಮತ್ತೊಬ್ಬರಿಗೆ ಸಮ್ಮತ. ಕಡೆಗೆ ಎರಡೂ ನಡೆಯಲಿಲ್ಲ. 1851ರಂತಹ ಸರಕಾರೀ ಗಣತಿಯು ಅಲ್ಲಿ ಮರಳಿ ಆಗಲೇ ಇಲ್ಲ.

ಆ ಮೂಲ ಚೀಟಿಗಳು ಇಂದಿಗೂ ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಮೊತ್ತವನ್ನು ಕುರಿತು ಹಿಂದಿನವರು ಕಾದಾಡಿದರು. ಚರಿತ್ರಕಾರರಾದರೋ ಚೀಟಿಯ ಅಂಚಿನಲ್ಲಿ ಪಾದ್ರಿಯು ಬರೆದ, ಮಳೆಯೋ ರೋಗವೋ ಎಂಬ ಷರಾವನ್ನೂ ಓದುತ್ತಾರೆ. ಹತ್ತನೆಯವನು ಸಿಕ್ಕುವುದು ಎಣಿಕೆಯನ್ನು ಮತ್ತೆ ಮತ್ತೆ ಮಾಡಿದುದರಿಂದಲ್ಲ, ಎಣಿಸುತ್ತಿರುವವನು ಯಾರು ಎಂದು ಕೇಳಿದುದರಿಂದ.